ಮೂರು ತಾಲೂಕುಗಳ ಪ್ರೇಕ್ಷಕನೂ ಕೆಲವು ಚಲಚ್ಚಿತ್ರಗಳೂ

1

ಚಲಚ್ಚಿತ್ರಗಳ ವಿಮರ್ಶೆ ಚರಿತ್ರೆಯ ಅಧ್ಯಾಪಕರ ಕೆಲಸವಲ್ಲವೆಂಬ ಅಭಿಪ್ರಾಯ ನಮ್ಮ ವಿದ್ವದ್ವಲಯದಲ್ಲಿ ಇಂದಿಗೂ ಇದೆ. ಅದರಲ್ಲಿ ಸತ್ಯಾಂಶವಿಲ್ಲದೆಯೂ ಇಲ್ಲ. ಛಾಯಾಗ್ರಹಣ, ಸಂಕಲನ, ಶಬ್ದಯೋಜನೆ ಮೊದಲಾದ ಶಾಸ್ತ್ರಗಳಲ್ಲಿ ನಮಗೆ ಪರಿಶ್ರಮವಿಲ್ಲ. ಬಿಡುವು ದೊರೆತಾಗ ವರ್ಷಕ್ಕೆ ಐದಾರು ಚಿತ್ರಗಳನ್ನು ನೋಡಿ ಮನೆಗೆ ಮರಳುವ ಸಾಮಾನ್ಯ ಪ್ರೇಕ್ಷಕರ ಪಂಕ್ತಿಯಲ್ಲಿಯೇ ನಮ್ಮ ಸ್ಥಾನ. ಆದರೂ ಈ ಲೇಖನಕ್ಕೆ ಕೈಹಚ್ಚಲು ಕಾರಣವುಂಟು. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಿಂದ ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗಳು ತಮ್ಮ ನಾಡಿನ ಪೂರ್ವವೃತ್ತಾಂತವನ್ನು ಕುರಿತು ಆಡುವ ಮಾತುಗಳಲ್ಲಿ ಒಂದು ದೊಡ್ಡ ಪಾಲು ಈಗ ಪಠ್ಯಪುಸ್ತಕದಿಂದ ಬರುತ್ತಿಲ್ಲ, ಮನೆಯ ಹಿರಿಯರ ಬಾಯಿಂದಲೂ ಬರುತ್ತಿಲ್ಲ. ಅದು ಪರದೆಯಿಂದ ಬರುತ್ತಿದೆ. ಚರಿತ್ರೆಯನ್ನು ಕಲಿಸುವ ಕೆಲಸವನ್ನು ನಮ್ಮೊಡನೆ ಇನ್ನೊಬ್ಬರು ಹಂಚಿಕೊಂಡಿರುವಾಗ, ಅವರು ಏನನ್ನು ಕಲಿಸುತ್ತಿದ್ದಾರೆಂದು ತಿಳಿಯುವುದು ನಮ್ಮ ಕರ್ತವ್ಯವೇ ಸರಿ.

ಕಳೆದ ಒಂದು ವರ್ಷದ ಅವಧಿಯಲ್ಲಿ ನಾವು ನೋಡಿದ ಚಿತ್ರಗಳು ಆರು. ಇವುಗಳಲ್ಲಿ ಮೂರು 2025ನೆಯ ಇಸವಿಯಲ್ಲಿ ಹೊಸದಾಗಿ ತೆರೆಕಂಡವು: ಸುಮಂತ್ ಭಟ್ ಅವರ 'ಮಿಥ್ಯ', ಜೆ. ಪಿ. ತುಮಿನಾಡು ಅವರ 'ಸು ಫ್ರಮ್ ಸೋ', ರಿಷಬ್ ಶೆಟ್ಟಿ ಅವರ 'ಕಾಂತಾರ ಅಧ್ಯಾಯ 1'. ಉಳಿದ ಮೂರನ್ನು ಹೋಲಿಕೆಗಾಗಿ ಮತ್ತೆ ನೋಡಿದೆವು: ಬಿ. ವಿ. ಕಾರಂತರ 'ಚೋಮನ ದುಡಿ' (1975), ಪಿ. ಶೇಷಾದ್ರಿ ಅವರ 'ಬೆಟ್ಟದ ಜೀವ' (2011), ರಿಷಬ್ ಶೆಟ್ಟಿ ಅವರ ಮೊದಲ 'ಕಾಂತಾರ' (2022). ಈ ಆರು ಚಿತ್ರಗಳ ಕಲಾಗುಣಗಳನ್ನು ಆನುಷಂಗಿಕವಾಗಿ ಮಾತ್ರ ಪ್ರಸ್ತಾಪಿಸಿ, ನೆಲ, ಕಾಡು, ದೈವ ಈ ಮೂರನ್ನು ಅವು ಹೇಗೆ ಕಂಡಿವೆ, ಆ ಕಾಣ್ಕೆ ನಮ್ಮ ಮೂರು ತಾಲೂಕುಗಳ ಚರಿತ್ರೆಯೊಡನೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2

ಪುತ್ತೂರಿಗೂ ಚಲಚ್ಚಿತ್ರಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಂತು. ಅದಕ್ಕೂ ಕೆಲವು ವರ್ಷ ಮೊದಲೇ, 1930ರ ಆಸುಪಾಸಿನಲ್ಲಿ, ಶಿವರಾಮ ಕಾರಂತರು 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಚಿತ್ರಗಳ ಪ್ರಯೋಗವನ್ನು ನಡೆಸಿದ್ದರು. ಮುಂದೆ ಪುತ್ತೂರಿನ ಬಾಲವನದಲ್ಲಿ ದಶಕಗಟ್ಟಲೆ ನೆಲಸಿದ ಅವರ ಕಾದಂಬರಿಗಳಿಂದ ಹುಟ್ಟಿದ ಚಿತ್ರಗಳು ಕನ್ನಡದಲ್ಲಿ ಒಂದು ಪ್ರತ್ಯೇಕ ಶಾಖೆಯೇ ಆಗುವಷ್ಟಿವೆ.

ಆ ಶಾಖೆಯ ಹಿರಿಯ ಕೊಂಬೆ 'ಚೋಮನ ದುಡಿ'. ಕಾದಂಬರಿ 1933ರದು, ಚಿತ್ರ 1975ರದು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಚೋಮನ ಪಾತ್ರವನ್ನು ವಹಿಸಿದ ಎಂ. ವಿ. ವಾಸುದೇವರಾಯರು ಅತ್ಯುತ್ತಮ ನಟರೆಂದು ಪುರಸ್ಕೃತರಾದರು. ಕಥೆ ವಾಚಕರಿಗೆ ತಿಳಿದುದೇ. ಚೋಮನಲ್ಲಿ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ, ಬೇಸಾಯದ ಹಂಬಲವಿದೆ. ಇಲ್ಲದಿರುವುದು ಉಳುವ ನೆಲ. ಒಡೆಯ ಸಂಕಪ್ಪಯ್ಯನ ಮನಸ್ಸು ಒಮ್ಮೆ ಕರಗುವಂತಿದ್ದರೂ ಮನೆಯ ಹಿರಿಯಾಕೆಯ ಮಾತು ಅದನ್ನು ತಡೆಯುತ್ತದೆ. ಹೊಲೆಯನು ಬೇಸಾಯಗಾರನಾದರೆ ಲೋಕದ ಕಟ್ಟಳೆ ಮುರಿದಂತೆ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿತೋಟಕ್ಕೆ ಹೋಗುತ್ತಾರೆ. ಒಬ್ಬೊಬ್ಬರನ್ನೇ ಕಳೆದುಕೊಂಡ ಚೋಮ ಕೊನೆಗೆ ದುಡಿಯನ್ನು ಬಡಿಯುತ್ತಲೇ ಪ್ರಾಣ ಬಿಡುತ್ತಾನೆ.

ಈ ಚಿತ್ರವನ್ನು ಚರಿತ್ರೆಯ ವಿದ್ಯಾರ್ಥಿ ನೋಡುವಾಗ ಅದರ ವರ್ಷವನ್ನು ಮರೆಯಬಾರದು. ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. 7ನೆಯ ನಮೂನೆಯಲ್ಲಿ ಅರ್ಜಿ ಹಾಕಿದ ಗೇಣಿದಾರನ ಹಕ್ಕನ್ನು ಭೂನ್ಯಾಯಮಂಡಳಿ ನಿರ್ಣಯಿಸತೊಡಗಿತು. ಗೇಣಿ ಪದ್ಧತಿ ಬಹಳವಾಗಿ ಬೇರುಬಿಟ್ಟಿದ್ದ ದಕ್ಷಿಣ ಕನ್ನಡದಲ್ಲಿ ಇದರ ಪರಿಣಾಮ ರಾಜ್ಯದ ಇತರ ಕಡೆಗಳಿಗಿಂತ ಆಳವಾಯಿತು. ಚಿತ್ರ ತೆರೆಕಂಡಾಗ ನಮ್ಮ ಹಳ್ಳಿಗಳಲ್ಲಿ ಅರ್ಜಿಗಳು ಬರೆಯಲ್ಪಡುತ್ತಿದ್ದವು. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆಯ ಆ ದಿನಗಳಲ್ಲಿ ಚೋಮನ ಕಥೆ ಕಳೆದುಹೋದ ಕಾಲದ ಶೋಕಗೀತದಂತೆ ಕೆಲವರಿಗೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಸೂಕ್ಷ್ಮವಾಗಿ ನೋಡಿದರೆ ವಿಷಯ ಹಾಗಿಲ್ಲ. ಕಾನೂನು ನೆಲವನ್ನು ಕೊಟ್ಟುದು ಗೇಣಿದಾರನಿಗೆ. ಚೋಮ ಗೇಣಿದಾರನಲ್ಲ, ಮೂಲದ ಆಳು. ಗೇಣಿದಾರನಾಗುವ ಅರ್ಹತೆಯನ್ನೇ ಸಮಾಜ ಅವನಿಗೆ ನಿರಾಕರಿಸಿತ್ತು. ಆದುದರಿಂದ ಅವನು 1974ರವರೆಗೆ ಬದುಕಿದ್ದರೂ 7ನೆಯ ನಮೂನೆಯಲ್ಲಿ ಬರೆಯಿಸಲು ಅವನಲ್ಲಿ ಒಂದು ಮುಡಿ ಗದ್ದೆಯೂ ಇರುತ್ತಿರಲಿಲ್ಲ. ಭೂಸುಧಾರಣೆಯ ಸಾಧನೆಯನ್ನೂ ಅದರ ಮಿತಿಯನ್ನೂ ಒಟ್ಟಿಗೆ ತಿಳಿಯಲು ಈ ಚಿತ್ರದಷ್ಟು ಸಮರ್ಥವಾದ ಪಾಠ ನಮಗೆ ಬೇರೆ ಕಾಣದು. ಕಪ್ಪು ಬಿಳುಪಿನ ಈ ಹಳೆಯ ಚಿತ್ರ ತರಗತಿಗಳಲ್ಲಿ ಪ್ರತಿವರ್ಷ ತೋರಿಸಲು ಯೋಗ್ಯವಾದುದು.

3

'ಬೆಟ್ಟದ ಜೀವ' ಕಾದಂಬರಿ 1943ರದು. ಅದರ ರಂಗಸ್ಥಳ ಕುಮಾರಪರ್ವತದ ತಪ್ಪಲು, ಅಂದರೆ ಇಂದಿನ ಕಡಬ ಮತ್ತು ಸುಳ್ಯ ತಾಲೂಕುಗಳ ಮೂಡಣ ಅಂಚು. ದಾರಿ ತಪ್ಪಿದ ಪ್ರಯಾಣಿಕನೊಬ್ಬ ಗೋಪಾಲಯ್ಯನೆಂಬ ಮುದುಕನ ಮನೆಯಲ್ಲಿ ಕೆಲವು ದಿನ ತಂಗುತ್ತಾನೆ. ಕಾಡನ್ನು ಕಡಿದು ತೋಟ ಮಾಡುವುದರಲ್ಲಿಯೇ ಜೀವ ಸವೆಸಿದ ಮುದುಕ ಅವನು. ಮಗ ಮನೆಬಿಟ್ಟು ಹೋದ ದುಃಖವನ್ನು ನುಂಗಿ ನಗುತ್ತಾ, ಬಂದವರಿಗೆ ಉಣಬಡಿಸುತ್ತಾ ಕಾಲ ಕಳೆಯುವವನು. ಶೇಷಾದ್ರಿಯವರ ಚಿತ್ರದಲ್ಲಿ ದತ್ತಣ್ಣನವರು ಈ ಪಾತ್ರವನ್ನು ಬಹು ಹಿತವಾಗಿ ನಿರ್ವಹಿಸಿದ್ದಾರೆ. ಮಾತು ಕಡಮೆಯಾದೆಡೆಗಳಲ್ಲಿ ಮಳೆ, ಹೊಳೆ, ಮರಗಳೇ ಮಾತನಾಡುವಂತೆ ಮಾಡಿರುವುದು ನಿರ್ದೇಶಕರ ಸಂಯಮಕ್ಕೆ ಸಾಕ್ಷಿ.

ಇಲ್ಲಿ ಒಂದು ಕುತೂಹಲದ ಸಂಗತಿಯಿದೆ. ಈ ಚಿತ್ರಕ್ಕೆ ದೊರೆತ ರಾಷ್ಟ್ರಪ್ರಶಸ್ತಿ ಪರಿಸರ ಸಂರಕ್ಷಣೆಯ ವಿಭಾಗದ್ದು. ಗೋಪಾಲಯ್ಯನಾದರೋ ಕಾಡು ಕಡಿದು ಅಡಕೆ ನೆಟ್ಟವನು. ಅವನ ಸಂತೋಷವೆಲ್ಲ ಕಾಡಿನಿಂದ ಕಸಿದುಕೊಂಡ ತೋಟದಲ್ಲಿದೆ. ಕಾದಂಬರಿಕಾರರ ಕಾಲದಲ್ಲಿ ಕಾಡನ್ನು ಗೆಲ್ಲುವುದು ಪುರುಷಾರ್ಥವಾಗಿತ್ತು. ಚಿತ್ರದ ಕಾಲಕ್ಕೆ ಅದನ್ನು ಉಳಿಸುವುದು ಪುರುಷಾರ್ಥವಾಯಿತು. ಒಂದೇ ಕಥೆಯನ್ನು ಎರಡು ಪೀಳಿಗೆಗಳು ಎರಡು ಬಗೆಯಾಗಿ ಓದಿವೆ. ಇದರಲ್ಲಿ ದೋಷವೇನೂ ಇಲ್ಲ. ಆದರೆ ಗೋಪಾಲಯ್ಯನ ಸಾಹಸವನ್ನು ಪ್ರಕೃತಿಪ್ರೇಮವೆಂದು ಮಾತ್ರ ಹೊಗಳಿ ನಿಲ್ಲಿಸಿದರೆ ನಮ್ಮ ಮೂರು ತಾಲೂಕುಗಳ ಅಡಕೆಯ ಚರಿತ್ರೆ ಅರ್ಥವಾಗುವುದಿಲ್ಲ. ಕುಮಾರಧಾರೆಯ ಕಣಿವೆಯಲ್ಲಿ ಈ ತೋಟಗಳು ಎದ್ದುದು ಕಾಡಿನ ಅಂಚಿನಲ್ಲಿ, ಮಲೆಕುಡಿಯರೇ ಮೊದಲಾದ ಕಾಡುವಾಸಿಗಳ ಬದುಕಿನ ಅಂಚಿನಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅವರ ಕುಮರಿ ಬೇಸಾಯಕ್ಕೆ ಸರ್ಕಾರ ಕಡಿವಾಣ ಹಾಕಿತು. 1882ರ ಮದರಾಸು ಅರಣ್ಯ ಕಾಯಿದೆ ಕಾಡಿಗೆ ಮೇರೆಗಲ್ಲು ನೆಟ್ಟಿತು. ವರ್ಗದಾರನಿಗೆ ಗದ್ದೆಯ ಸುತ್ತಣ ಕುಮ್ಕಿಯಲ್ಲಿ ಸೊಪ್ಪು ಸೌದೆಗಳ ಹಕ್ಕು ಉಳಿಯಿತು. ಕಾಡಿನವನಿಗೆ ಕಾಡಿನಲ್ಲಿ ಅಂತಹ ಬರವಣಿಗೆಯ ಹಕ್ಕು ಇರಲಿಲ್ಲ. ಮಲೆಕುಡಿಯರ ಬಾಳನ್ನು ಕಾರಂತರೇ ಮುಂದೆ 'ಕುಡಿಯರ ಕೂಸು' (1951) ಎಂಬ ಕಾದಂಬರಿಯಲ್ಲಿ ಚಿತ್ರಿಸಿದರು. ಈ ಎರಡು ಕೃತಿಗಳನ್ನು ಜೊತೆಯಾಗಿ ಓದಿದ ವಿದ್ಯಾರ್ಥಿಗೆ ಮಾತ್ರ ಚಿತ್ರದ ಹಸುರಿನ ಹಿಂದಿರುವ ಲೆಕ್ಕಾಚಾರ ತಿಳಿಯುವುದು.

4

ಇನ್ನು 'ಕಾಂತಾರ'. 2022ರ ಸೆಪ್ಟೆಂಬರ್ 30ರಂದು ತೆರೆಕಂಡ ಈ ಚಿತ್ರದ ಜನಪ್ರಿಯತೆಯನ್ನು ವಿವರಿಸುವ ಅವಶ್ಯಕತೆಯಿಲ್ಲ. ನಾಯಕನಟರಿಗೆ ರಾಷ್ಟ್ರಪ್ರಶಸ್ತಿಯೂ ದೊರೆಯಿತು. ಅದರ ಕೊನೆಯ ಕೋಲದ ದೃಶ್ಯದ ಶಕ್ತಿ ನಿರ್ವಿವಾದ. ಬಾಲ್ಯದಿಂದ ಕೋಲ ನೇಮಗಳನ್ನು ನೋಡಿ ಬೆಳೆದವರೂ ಆ ಕೂಗಿಗೆ ಬೆಚ್ಚಿದರು. ಚಿತ್ರದ ಯಶಸ್ಸಿನ ಬೆನ್ನಿಗೇ, 2022ರ ಅಕ್ಟೋಬರ್‌ನಲ್ಲಿ, 60 ವರ್ಷ ಮೀರಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿಗಳ ಮಾಸಾಶನವನ್ನು ರಾಜ್ಯಸರ್ಕಾರ ಘೋಷಿಸಿತು. ಶತಮಾನಗಳಿಂದ ದೈವಕ್ಕೆ ಮೈಯನ್ನೇ ಒಪ್ಪಿಸಿ ಹಸಿವಿನಲ್ಲಿ ಮುದುಕರಾದ ಕಲಾವಿದರತ್ತ ಒಂದು ಚಿತ್ರದಿಂದಾಗಿ ಸರ್ಕಾರದ ದೃಷ್ಟಿ ಹರಿದುದು ಸಣ್ಣ ಸಂಗತಿಯಲ್ಲ. ಚಿತ್ರದ ದೋಷಗಳನ್ನು ಎಣಿಸುವವರು ಇದನ್ನು ಮೊದಲು ಜಮಾಪುಟದಲ್ಲಿ ಬರೆದುಕೊಳ್ಳಬೇಕು.

ನಮ್ಮ ಆಕ್ಷೇಪ ಬೇರೆಡೆಯಲ್ಲಿದೆ. ಚಿತ್ರ ಮೂರು ವರ್ಷಗಳನ್ನು ಹೆಸರಿಸಿ ಕಥೆ ಹೇಳುತ್ತದೆ. 1847ರಲ್ಲಿ ಮನಶ್ಶಾಂತಿಯನ್ನು ಅರಸಿ ಹೊರಟ ಅರಸನೊಬ್ಬ ದೈವದ ಕಲ್ಲನ್ನು ಪಡೆದು ಪ್ರತಿಯಾಗಿ ಕಾಡಿನವರಿಗೆ ನೆಲವನ್ನು ಬಿಟ್ಟುಕೊಡುತ್ತಾನೆ. 1970ರಲ್ಲಿ ಅವನ ವಂಶದವನು ಅದನ್ನು ಮರಳಿ ಕೇಳಿ ಕೋರ್ಟಿನ ಮೆಟ್ಟಿಲಲ್ಲಿ ರಕ್ತ ಕಾರಿ ಸಾಯುತ್ತಾನೆ. 1990ರಲ್ಲಿ ಧಣಿ ದೇವೇಂದ್ರನ ದುರಾಶೆ, ಅರಣ್ಯಾಧಿಕಾರಿ ಮುರಳೀಧರನ ಕಾನೂನು, ಶಿವನ ಸಿಟ್ಟು ಇವು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಪುರಾಣಕ್ಕೆ ಇಸವಿ ಬೇಡ. 'ಒಂದಾನೊಂದು ಕಾಲದಲ್ಲಿ' ಎಂದರೆ ಸಾಕು. ಇಸವಿಯನ್ನು ಹಾಕಿದ ಮೇಲೆ ಚರಿತ್ರೆಯವರು ಅದನ್ನು ನೋಡಲೇಬೇಕಾಗುತ್ತದೆ.

1847ರಲ್ಲಿ ಈ ನಾಡಿನಲ್ಲಿ ನೆಲವನ್ನು ದಾನಕೊಡಬಲ್ಲ ಅರಸನಿದ್ದನೆ? ಟಿಪ್ಪುವಿನ ಪತನದ ಬಳಿಕ, 1799ರಲ್ಲಿ, ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. ಥಾಮಸ್ ಮನ್ರೊ ಕಲೆಕ್ಟರನಾಗಿ ಬಂದು ಕಂದಾಯವನ್ನು ಗೊತ್ತುಪಡಿಸಿದನು. ಹಳೆಯ ಅರಸುಮನೆತನಗಳಿಗೆ ಬೀಡುಗಳು ಉಳಿದವು, ಮರ್ಯಾದೆ ಉಳಿಯಿತು, ಅಧಿಕಾರ ಉಳಿಯಲಿಲ್ಲ. ಪುತ್ತೂರು ಮತ್ತು ಅಮರಸುಳ್ಯದ ಮಾಗಣೆಗಳ ಕಥೆ ಸ್ವಲ್ಪ ಬೇರೆ. ಅವು ಕೊಡಗಿನ ಅರಸರ ವಶದಲ್ಲಿದ್ದು, 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಕಂಪೆನಿ ಪದಚ್ಯುತಗೊಳಿಸಿದ ಮೇಲೆ ಕೆನರಾ ಜಿಲ್ಲೆಗೆ ಸೇರಿಸಲ್ಪಟ್ಟವು. ಅಲ್ಲಿಯವರೆಗೆ ಧಾನ್ಯರೂಪದಲ್ಲಿ ತೆರಿಗೆ ಸಲ್ಲಿಸುತ್ತಿದ್ದ ರೈತರಿಂದ ಕಂಪೆನಿ ನಗದನ್ನು ಕೇಳಿತು. ಕೈಯಲ್ಲಿ ನಾಣ್ಯವಿಲ್ಲದ ರೈತ ಸಾಹುಕಾರನ ಬಾಗಿಲಿಗೆ ಹೋಗಬೇಕಾಯಿತು. 1837ರ ದಂಗೆಗೆ ಇದೇ ಮುಖ್ಯ ಕಾರಣಗಳಲ್ಲೊಂದು. ಸುಳ್ಯದ ಕೆದಂಬಾಡಿ ರಾಮಯ್ಯ ಗೌಡರು, ಕಲ್ಯಾಣಸ್ವಾಮಿಯೆಂಬ ಹೆಸರು ಹೊತ್ತಿದ್ದ ಪುಟ್ಟಬಸಪ್ಪ ಮೊದಲಾದವರ ಮುಂದಾಳುತನದಲ್ಲಿ ರೈತರ ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರಿನ ಮಾರ್ಗವಾಗಿ ಸಾಗಿ, ಏಪ್ರಿಲ್‌ನಲ್ಲಿ ಮಂಗಳೂರನ್ನೇ ಹಿಡಿಯಿತು. ಸುಮಾರು ಎರಡು ವಾರ ಅಲ್ಲಿ ಕಂಪೆನಿಯ ಆಳ್ವಿಕೆಯಿರಲಿಲ್ಲ. ಜನರು ಇಂದಿಗೂ 'ಕಲ್ಯಾಣಪ್ಪನ ಕಾಟಕಾಯಿ' ಎಂದು ಕರೆಯುವ ಈ ಬಂಡಾಯ ಅಡಗಿದ ಮೇಲೆ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಿಗೇರಿಸಲ್ಪಟ್ಟವರಲ್ಲಿ ನಂದಾವರದ ಲಕ್ಷ್ಮಪ್ಪ ಬಂಗರಸನೂ ಒಬ್ಬನು.

ಬಂಗರಸನನ್ನು ನೇಣಿಗೇರಿಸಿದ ಹತ್ತು ವರ್ಷಗಳ ಬಳಿಕ ಚಿತ್ರದ ಅರಸನು ಯಾರನ್ನೂ ಕೇಳದೆ ಕಾಡನ್ನು ದಾನಮಾಡುತ್ತಾನೆ! ಕಂದಾಯಕ್ಕಾಗಿ ಜನರು ಪ್ರಾಣಕೊಟ್ಟ ನಾಡಿನಲ್ಲಿ ಕಂಪೆನಿ ಸರ್ಕಾರವೆಂಬುದೇ ಪರದೆಯಿಂದ ಮಾಯವಾಗಿದೆ. ನೆಲದ ವ್ಯಾಜ್ಯ ಅರಸನಿಗೂ ದೈವಕ್ಕೂ ನಡುವಿನ ಒಪ್ಪಂದದ ವಿಷಯವಾಗಿ ಉಳಿದುಬಿಟ್ಟಿದೆ.

ಎರಡನೆಯ ಲೋಪ ಇನ್ನೂ ದೊಡ್ಡದು. ಚಿತ್ರ 1970ರಿಂದ 1990ಕ್ಕೆ ಹಾರುತ್ತದೆ. ಈ ಎರಡು ಇಸವಿಗಳ ನಡುವೆಯೇ ನಾವು ಮೇಲೆ ಹೇಳಿದ 1974 ಇದೆ. ದಕ್ಷಿಣ ಕನ್ನಡದ ಹಳ್ಳಿಯಲ್ಲಿ ಧಣಿಗೂ ಒಕ್ಕಲಿಗೂ ಇದ್ದ ಸಂಬಂಧವನ್ನು ಒಂದು ಪೀಳಿಗೆಯೊಳಗೆ ಮಾರ್ಪಡಿಸಿದ ವರ್ಷವನ್ನು ದಾಟಿಹೋದ ಕಾರಣ 1990ರ ಧಣಿ 1950ರ ಧಣಿಯಂತೆ ವರ್ತಿಸುತ್ತಾನೆ. ನ್ಯಾಯಮಂಡಳಿ, ಅರ್ಜಿ, ಸಾಕ್ಷಿ, ಡಿಕ್ಲರೇಶನ್ನು ಇವುಗಳ ಮೂಲಕ ನಮ್ಮ ಅಜ್ಜಂದಿರು ಪಡೆದ ನೆಲ ಚಿತ್ರದಲ್ಲಿ ದೈವದ ಪ್ರಸಾದವಾಗಿ ಬರುತ್ತದೆ. ದೈವಭಕ್ತಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆ ಅಜ್ಜಂದಿರು ದೈವಕ್ಕೆ ಹರಕೆಯನ್ನೂ ಹೊತ್ತಿದ್ದರು, ಮಂಡಳಿಯ ಮುಂದೆ ಸಾಕ್ಷಿಯನ್ನೂ ನುಡಿದಿದ್ದರು. ಚಿತ್ರ ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಮರೆತಿದೆ. ಆ ಮರೆವಿನಿಂದ ಮನುಷ್ಯಪ್ರಯತ್ನಕ್ಕೆ ಸಲ್ಲಬೇಕಾದ ಗೌರವ ಸಲ್ಲದೆ ಹೋಗಿದೆ.

ಅರಣ್ಯಾಧಿಕಾರಿಯ ಪಾತ್ರವಾದರೋ ಮೆಚ್ಚತಕ್ಕದ್ದು. ಅವನನ್ನು ಖಳನನ್ನಾಗಿ ಮಾಡಿ ಮುಗಿಸುವ ಸುಲಭಮಾರ್ಗವನ್ನು ಚಿತ್ರ ಬಿಟ್ಟುಕೊಟ್ಟಿದೆ. ಕಾನೂನಿನ ಮನುಷ್ಯನೂ ಕಾಡಿನ ಮನುಷ್ಯನೂ ಪರಸ್ಪರ ಅರಿಯಲು ಎಷ್ಟು ಕಾಲ ಬೇಕಾಯಿತೆಂಬುದನ್ನು, 1882ರ ಕಾಯಿದೆಯಿಂದ 2006ರ ಅರಣ್ಯಹಕ್ಕು ಕಾಯಿದೆಯವರೆಗಿನ ದೀರ್ಘ ಪಯಣವನ್ನು, ಈ ಪಾತ್ರವೊಂದೇ ಸೂಚಿಸುವಂತಿದೆ.

5

2025ರ ಅಕ್ಟೋಬರ್ 2ರಂದು ಬಂದ 'ಕಾಂತಾರ ಅಧ್ಯಾಯ 1' ಕಥೆಯನ್ನು ಇನ್ನೂ ಹಿಂದಕ್ಕೆ, ಕದಂಬರ ಕಾಲಕ್ಕೆ, ಕೊಂಡೊಯ್ಯುತ್ತದೆ. ಬಾಂಗ್ರವೆಂಬ ರಾಜ್ಯ, ಅದರ ಅರಸು, ಅರಸುಮಗಳು ಕನಕವತಿ, ಕಾಡಿನವರ ನಾಯಕ ಬೆರ್ಮೆ. ದೃಶ್ಯವೈಭವದಲ್ಲಿ ಹಿಂದಿನ ಚಿತ್ರವನ್ನು ಮೀರಿಸಿದೆ. ಮನಸ್ಸಿನಲ್ಲಿ ಉಳಿಯುವ ಮನುಷ್ಯರ ಲೆಕ್ಕದಲ್ಲಿ ಹಿಂದೆ ಬಿದ್ದಿದೆ. ಮೊದಲ ಚಿತ್ರದಲ್ಲಿ ಮೀನು ಹುರಿಯುವ ಅಡುಗೆಮನೆಯಿತ್ತು, ತಾಯಿಯ ಬೈಗಳಿತ್ತು, ಕಂಬಳದ ಕೆಸರಿತ್ತು. ಇಲ್ಲಿ ಯುದ್ಧದ ಮೇಲೆ ಯುದ್ಧ ಬರುತ್ತಿದ್ದು ಕಣ್ಣು ದಣಿಯುತ್ತದೆ.

ಕಾಲನಿರ್ಣಯದ ತೊಡಕು ಇಲ್ಲಿಯೂ ಇದೆ. ಬನವಾಸಿಯ ಕದಂಬರು ಕ್ರಿ. ಶ. ನಾಲ್ಕರಿಂದ ಆರನೆಯ ಶತಮಾನದವರೆಗೆ ಆಳಿದವರು. ಆ ಕಾಲದಲ್ಲಿ ತುಳುನಾಡಿನಲ್ಲಿದ್ದವರು ಆಳುಪರು. ಅವರ ಹೆಸರು ಹಲ್ಮಿಡಿ ಶಾಸನದಲ್ಲಿಯೇ ಬಂದಿದೆ. ಬಂಗರಾದರೋ ಮಧ್ಯಯುಗದ ಜೈನ ಅರಸುಮನೆತನ. ಚಿತ್ರದ ಬಾಂಗ್ರ ಕಲ್ಪಿತ ರಾಜ್ಯವೆಂದು ಹೇಳಿ ನಿರ್ಮಾಪಕರು ಪಾರಾಗಬಹುದು. ಆದರೆ ಹೆಸರಿನ ಸಾಮ್ಯ ಎಷ್ಟು ಬಲವಾಗಿದೆಯೆಂದರೆ, ಬಂಗರು ಕದಂಬರ ಸಮಕಾಲೀನರೆಂಬ ಮಾತು ಈಗಾಗಲೇ ತರಗತಿಯಲ್ಲಿ ನಮ್ಮ ಕಿವಿಗೆ ಬಿದ್ದಿದೆ. ಏಳೆಂಟು ಶತಮಾನಗಳನ್ನು ಒಂದು ಪರದೆ ಹೀಗೆ ಮಡಿಚಿ ಇಟ್ಟರೆ ಅದನ್ನು ಬಿಡಿಸಿ ಹಾಸಲು ಅಧ್ಯಾಪಕನಿಗೆ ಒಂದು ಗಂಟೆ ಬೇಕು.

ಈ ಚಿತ್ರದಲ್ಲಿ ನಮಗೆ ಅತ್ಯಂತ ಹಿಡಿಸಿದ ಭಾಗ, ಕಾಡಿನ ಜನ ತಮ್ಮ ಸಾಂಬಾರ ಪದಾರ್ಥಗಳಿಗೆ ಬಂದರಿನಲ್ಲಿ ಬೇರೆಯೇ ಬೆಲೆಯುಂಟೆಂದು ಕಂಡುಕೊಳ್ಳುವ ಸಂದರ್ಭ. ಇಲ್ಲಿ ಚಿತ್ರ ಚರಿತ್ರೆಯ ನಾಡಿಯನ್ನು ಹಿಡಿದಿದೆ. ಘಟ್ಟದ ತಪ್ಪಲಿನ ಮೆಣಸು ಅಡಕೆಗಳು ಕಡವುಗಳನ್ನು ದಾಟಿ ಬಂದರಿಗೆ ಇಳಿದು ಕಡಲಾಚೆಗೆ ಹೋಗುತ್ತಿದ್ದುದು ಕಟ್ಟುಕಥೆಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲಸಿದ್ದ ಯೆಹೂದ್ಯ ವರ್ತಕ ಅಬ್ರಹಾಮ್ ಬೆನ್ ಯಿಜು ಏಡನ್ನಿನ ಗೆಳೆಯರೊಡನೆ ನಡೆಸಿದ ಪತ್ರವ್ಯವಹಾರ ಕೈರೋ ನಗರದ ಹಳೆಯ ಯೆಹೂದಿ ಮಂದಿರದ ಕಾಗದರಾಶಿಯಲ್ಲಿ ದೊರೆತಿದೆ; ಅದರಲ್ಲಿ ಮೆಣಸಿನ ಜೊತೆಗೆ ಅಡಕೆಯೂ ಇದೆ. ಹದಿನಾಲ್ಕನೆಯ ಶತಮಾನದ ಇಬ್ನ್ ಬತೂತನೂ ಮಂಗಳೂರಿನ ಮೆಣಸು ಶುಂಠಿಗಳನ್ನು ಹೆಸರಿಸಿದ್ದಾನೆ. ಈ ವ್ಯಾಪಾರದಲ್ಲಿ ಲಾಭ ಯಾರ ಕೈಸೇರಿತು, ಬೆಳೆದವನಿಗೆ ಏನು ಉಳಿಯಿತು ಎಂಬುದು ಇಂದಿನ ಅಡಕೆ ಬೆಳೆಗಾರನಿಗೂ ಸಲ್ಲುವ ಪ್ರಶ್ನೆ. ಬೆಲೆ ಕುಸಿದು ಬೆಳೆಗಾರ ಕಂಗೆಟ್ಟುದರಿಂದಲೇ 1973ರಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆ ಹುಟ್ಟಿತು; 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಆರಂಭವಾಯಿತು. ಬೆರ್ಮೆ ಬಂದರಿನಲ್ಲಿ ಕೇಳಿದ ಪ್ರಶ್ನೆಗೆ ನಮ್ಮ ತಾಲೂಕುಗಳ ರೈತರು ಕೊಟ್ಟ ಉತ್ತರವೆಂದು ಇದನ್ನು ಭಾವಿಸಬಹುದು.

ದೈವಗಳ ವಿಷಯದಲ್ಲಿ ಒಂದು ಮಾತು. ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲಿ ಅಚ್ಚು ಹಾಕಿಸಿದ ಪಾಡ್ದನಗಳಿಂದ ಮೊದಲುಗೊಂಡು ಬರ್ನೆಲ್ ಸಂಗ್ರಹ, ಅನಂತರದ ನಮ್ಮ ವಿದ್ವಾಂಸರ ಸಂಗ್ರಹಗಳವರೆಗೆ ನೋಡಿದರೆ, ತುಳುನಾಡಿನ ಅನೇಕ ದೈವಗಳು ಅನ್ಯಾಯಕ್ಕೆ ಗುರಿಯಾದ ಮನುಷ್ಯರು. ಕಲ್ಕುಡ ಕಲ್ಲುರ್ಟಿಯರು ಶಿಲ್ಪಿಯ ಮಕ್ಕಳು. ಕೊರಗತನಿಯ ಕೊರಗ. ಪಡುಮಲೆ, ಪಂಜ, ಎಣ್ಮೂರುಗಳಲ್ಲಿ ಬಾಳಿ ಹೋರಾಡಿ ಮಡಿದ ಕೋಟಿ ಚೆನ್ನಯರು ನಮ್ಮ ಈ ತಾಲೂಕುಗಳವರೇ. ಅವರ ಕಥೆಯನ್ನು ವಿಶುಕುಮಾರರು 1973ರಲ್ಲಿಯೇ ತುಳುವಿನಲ್ಲಿ ಚಿತ್ರವಾಗಿಸಿದ್ದರು. 2007ರಲ್ಲಿ ಅದು ಮತ್ತೆ ಚಿತ್ರವಾಯಿತು. ಪಾಡ್ದನದ ದೈವ ಊರಿನ ಹೆಸರು, ಕೊಂದವನ ಹೆಸರು, ಕೊಂದ ಕಾರಣ ಎಲ್ಲವನ್ನೂ ಹೇಳುತ್ತದೆ. ಹೊಸ ಚಿತ್ರದ ದೈವ ಶಿವನ ಗಣವಾಗಿ ಆಕಾಶದಿಂದ ಇಳಿಯುತ್ತದೆ. ಮೇಲಿನಿಂದ ಇಳಿದುದಕ್ಕೆ ಭವ್ಯತೆ ಬರುತ್ತದೆ, ನಿಜ; ಆದರೆ ಕೆಳಗಿನಿಂದ ಎದ್ದುದಕ್ಕೆ ಇದ್ದ ನ್ಯಾಯದ ಬಿಸಿ ಆರಿಹೋಗುತ್ತದೆ. ಪ್ರೇಕ್ಷಕರು ದೈವದ ವೇಷಧರಿಸಿ ಚಿತ್ರಮಂದಿರಗಳಿಗೆ ಬರತೊಡಗಿದಾಗ, ಹಾಗೆ ಮಾಡಬೇಡಿರೆಂದು ಚಿತ್ರತಂಡವೇ ವಿನಂತಿಸಬೇಕಾಯಿತು. ಊರು, ಕಟ್ಟು, ಕಾರಣಿಕಗಳಿಂದ ಬಿಡಿಸಿಕೊಂಡ ದೈವ ವೇಷವಾಗಿ ಉಳಿಯುವ ಅಪಾಯಕ್ಕೆ ಇದೇ ನಿದರ್ಶನ.

6

ಇಷ್ಟೊಂದು ಗಾಂಭೀರ್ಯದ ಮೇಲೆ 2025ರ ಜುಲೈ 25ರಂದು ಬಂದ 'ಸು ಫ್ರಮ್ ಸೋ' ಚಿತ್ರವನ್ನು ನೆನೆಯುವಾಗ ಮನಸ್ಸು ಹಗುರಾಗುತ್ತದೆ. ಸೋಮೇಶ್ವರದ ಸುಲೋಚನೆಯೆಂಬುದು ಹೆಸರಿನ ಬಿಡಿಸಿದ ರೂಪ. ಕನ್ನಡದ ಮೊದಲ ವಾಕ್ಚಿತ್ರದ ಸುಲೋಚನೆ ಪುರಾಣದ ಸತಿ. ಈಕೆ ಕಾಣಿಸದೆಯೇ ಇಡೀ ಊರನ್ನು ಕುಣಿಸುವ ಪ್ರೇತ. ಸ್ನಾನದ ಮನೆಗೆ ಇಣುಕಿದ ತಪ್ಪಿನಿಂದ ತಪ್ಪಿಸಿಕೊಳ್ಳಲು ಅಶೋಕನೆಂಬ ತರುಣ ಮೈಮೇಲೆ ಬಂದಂತೆ ನಟಿಸುತ್ತಾನೆ. ಊರು ಅದನ್ನು ನಂಬುತ್ತದೆ. ನಂಬಿಕೆಯನ್ನು ಅನುಸರಿಸಿ ಗುರೂಜಿ ಬರುತ್ತಾರೆ. ಕೊನೆಗೆ ಸುಲೋಚನೆಯ ಮಗಳು ಭಾನುವಿನ ನಿಜವಾದ ಸಂಕಟ ಹೊರಬರುತ್ತದೆ. ತುಮಿನಾಡು ಅವರು ಕಾಸರಗೋಡಿನ ಗಡಿಯ ಮಂಜೇಶ್ವರ ಸೀಮೆಯವರು. ಅವರ ಪಾತ್ರಗಳ ಬಾಯಿಯಲ್ಲಿ ನಮ್ಮ ಕಡೆಯ ಕನ್ನಡ ಅದರ ಸಹಜ ಏರಿಳಿತಗಳೊಡನೆ ಕೇಳಿಬರುತ್ತದೆ. ದಕ್ಷಿಣ ಕನ್ನಡದ ಮಾತನ್ನು ಹಾಸ್ಯಪಾತ್ರದ ಬಾಯಿಗೆ ಮಾತ್ರ ಮೀಸಲಿಟ್ಟಿದ್ದ ಕಾಲವೊಂದಿತ್ತು. ಇಲ್ಲಿ ನಗುವವರೂ ಅಳುವವರೂ ಅದೇ ಮಾತನ್ನಾಡುತ್ತಾರೆ, ಬೆಂಗಳೂರಿನ ಪ್ರೇಕ್ಷಕನೂ ಅದಕ್ಕೆ ಕಿವಿಗೊಟ್ಟಿದ್ದಾನೆ.

ಚರಿತ್ರೆಯ ದೃಷ್ಟಿಯಿಂದ ನಮಗೆ ಮುಖ್ಯವಾದುದು ಶನಿಲ್ ಗೌತಮ್ ವಹಿಸಿದ ರವಿಯಣ್ಣನ ಪಾತ್ರ. ಊರಿನಲ್ಲಿ ಮದುವೆಯಿರಲಿ, ಸಾವಿರಲಿ, ಜಗಳವಿರಲಿ, ಮುಂದೆ ನಿಲ್ಲುವವನು ಅವನೇ. ಅವನ ಮಾತು ನಡೆಯುತ್ತದೆ. ಅದಕ್ಕೆ ಗುತ್ತಿನ ಮನೆ ಕಾರಣವಲ್ಲ, ಗೇಣಿ ಕಾರಣವಲ್ಲ, ಪಟ್ಟಾಧಿಕಾರವೂ ಕಾರಣವಲ್ಲ. ಕರೆದಾಗ ಬರುತ್ತಾನೆ ಎಂಬುದೊಂದೇ ಕಾರಣ. ಧಣಿ ಹೋದ ಮೇಲೆ ಹಳ್ಳಿಯಲ್ಲಿ ಯಜಮಾನಿಕೆ ಯಾರ ಕೈಗೆ ಬಂತು ಎಂಬ ಪ್ರಶ್ನೆಗೆ ಸಮಾಜಶಾಸ್ತ್ರದ ಪ್ರಬಂಧಗಳು ಹೇಳುವ ಉತ್ತರವನ್ನು ಈ ವಿನೋದಚಿತ್ರ ಒಂದು ಪಾತ್ರದಲ್ಲಿ ಹೇಳಿಬಿಟ್ಟಿದೆ. 1974ನ್ನು ಹೆಸರಿಸದೆಯೇ ಅದರ ಫಲವನ್ನು ತೋರಿಸಿದ ಚಿತ್ರವಿದು. 'ಕಾಂತಾರ' ಮರೆತುದನ್ನು ಇದು ಅರಿಯದೆಯೇ ನೆನಪಿಟ್ಟುಕೊಂಡಿದೆ ಎಂದರೆ ತಪ್ಪಾಗಲಾರದು. ಹೆಂಗಸರ ಪಾಲು ಮಾತ್ರ ಇಲ್ಲಿಯೂ ಕಡಮೆ. ಸ್ನಾನದ ಮನೆಯ ಅಪರಾಧ ನಗೆಯಲ್ಲಿ ತೇಲಿಹೋಗುವುದು ಚಿತ್ರದ ದೊಡ್ಡ ಕೊರತೆ. ಕೊನೆಯಲ್ಲಿ ಭಾನುವಿಗೆ ಊರು ಬೆಂಬಲವಾಗಿ ನಿಲ್ಲುವುದರಿಂದ ಆ ಕೊರತೆ ಪೂರ್ತಿಯಾಗಿ ತುಂಬುವುದಿಲ್ಲ.

'ಮಿಥ್ಯ' ಇವೆಲ್ಲಕ್ಕಿಂತ ಸಣ್ಣ ದನಿಯ ಚಿತ್ರ. ತಂದೆತಾಯಿಗಳನ್ನು ಕಳೆದುಕೊಂಡ ಹನ್ನೊಂದು ವರ್ಷದ ಬಾಲಕ ಮುಂಬಯಿಯಿಂದ ಉಡುಪಿಯ ಕಡೆಯ ಚಿಕ್ಕಮ್ಮನ ಮನೆಗೆ ಬರುತ್ತಾನೆ. ಆತೀಶ್ ಶೆಟ್ಟಿಯ ಮುಖದಲ್ಲಿ ಅಳುವಿಗಿಂತ ಅಳದಿರುವಿಕೆ ಹೆಚ್ಚು ಕಾಡುತ್ತದೆ. ಒಂದು ಶತಮಾನದಿಂದ ಕರಾವಳಿಯವರನ್ನು ಹೋಟೆಲು ಗಿರಣಿಗಳಿಗೆ ಸೆಳೆದ ಮುಂಬಯಿಯಿಂದ ಮರಳಿ ಬರುವವರ ಕಥೆಗಳು ನಮ್ಮಲ್ಲಿ ವಿರಳ. ಈ ಚಿತ್ರವನ್ನು ನೋಡಿದವರು ಸ್ವಲ್ಪ ಮಂದಿ, ನೋಡಬೇಕಾದವರು ಹಲವರು.

7

ಈ ಆರು ಚಿತ್ರಗಳನ್ನು ಒಟ್ಟಾಗಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈಚಿನ ಚಿತ್ರಗಳಲ್ಲಿ 'ಕರಾವಳಿ' ಎಂದರೆ ಕಡಲು, ಕೋಲ, ಕಂಬಳ. ಪುತ್ತೂರು, ಸುಳ್ಯ, ಕಡಬಗಳಿಗೆ ಕಡಲಿಲ್ಲ. ಇಲ್ಲಿರುವುದು ಗುಡ್ಡ, ತೋಟ, ಹೊಳೆ. ತುಳುವಿನ ಜೊತೆಗೆ ಅರೆಭಾಷೆ, ಹವ್ಯಕ, ಬ್ಯಾರಿ, ಮಲೆಯಾಳ, ಕೊಂಕಣಿಗಳು. ತುಳುವಿನಲ್ಲಿ 1971ರ 'ಎನ್ನ ತಂಗಡಿ'ಯಿಂದ ಇಂದಿನವರೆಗೆ ಚಿತ್ರಗಳು ಬರುತ್ತಿವೆ. 'ಬ್ಯಾರಿ' (2011) ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರವೆಂಬ ಗೌರವದಲ್ಲಿ ಪಾಲು ದೊರೆತಿದೆ. ಆದರೂ ಈ ಒಳನಾಡಿನ ಹತ್ತೊಂಬತ್ತು ಇಪ್ಪತ್ತನೆಯ ಶತಮಾನಗಳ ಅನುಭವದಲ್ಲಿ ಬಹುಭಾಗ ಪರದೆಯನ್ನು ಮುಟ್ಟಿಲ್ಲ. ನಗದು ಕಂದಾಯದ ವಿರುದ್ಧ ರೈತರು ನಡೆದ ಬೆಳ್ಳಾರೆಯ ದಾರಿಯಿದೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಪರಿಣಾಮವಾಗಿ ಸಿಂಹಳದಿಂದ ಬಂದು ಸುಳ್ಯದ ರಬ್ಬರ್ ತೋಟಗಳಲ್ಲಿ ನೆಲೆಗೊಂಡ ತಮಿಳು ಕುಟುಂಬಗಳಿವೆ. ಹಳದಿರೋಗದಿಂದ ಸೊರಗಿದ ಸಂಪಾಜೆ ಅರಂತೋಡುಗಳ ಅಡಕೆ ತೋಟಗಳಿವೆ. ಗೇರುತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನಿನಿಂದ ನೆರೆಯ ಕೊಕ್ಕಡದ ಕಡೆ ಮಕ್ಕಳ ಬಾಳು ಮುರುಟಿದ ಮನೆಗಳಿವೆ. ಇವು ಯಾವುವೂ ರೋಚಕತೆಯಲ್ಲಿ ಕಲ್ಪಿತ ರಾಜ್ಯದ ಯುದ್ಧಗಳಿಗೆ ಕಡಮೆಯಲ್ಲ.

ಚಿತ್ರ ತಯಾರಿಸುವವರಿಗೆ ವಿಷಯ ಸೂಚಿಸುವುದು ನಮ್ಮ ಅಧಿಕಾರದ ಮೇರೆಯನ್ನು ಮೀರಿದುದು. ನಮ್ಮ ಕೈಯಲ್ಲಿರುವ ಕೆಲಸ ಬೇರೆಯಿದೆ. ಚಲಚ್ಚಿತ್ರವನ್ನು ಚರಿತ್ರೆಯ ಆಕರವಾಗಿ ಬಳಸುವಾಗ, ಅದು ಯಾವ ಕಾಲದ ಕಥೆಯನ್ನು ಹೇಳುತ್ತದೆಂಬುದಕ್ಕಿಂತ ಯಾವ ಕಾಲದಲ್ಲಿ ಹೇಳಲ್ಪಟ್ಟಿತೆಂಬುದು ಹೆಚ್ಚು ಪ್ರಮಾಣವೆಂಬ ನಿಯಮವನ್ನು ವಿದ್ಯಾರ್ಥಿಗಳಿಗೆ ಮೊದಲು ಕಲಿಸಬೇಕು. 'ಕಾಂತಾರ ಅಧ್ಯಾಯ 1' ಕದಂಬರ ಕಾಲಕ್ಕೆ ಸಾಕ್ಷಿಯಾಗಲಾರದು. 2025ನೆಯ ಇಸವಿಯ ಕನ್ನಡಿಗರು ತಮ್ಮ ಪೂರ್ವಿಕರನ್ನು ಹೇಗೆ ಕಾಣಬಯಸಿದರೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇರಲಾರದು. ಈ ಭೇದವನ್ನು ತಿಳಿದ ವಿದ್ಯಾರ್ಥಿಗೆ ಯಾವ ಚಿತ್ರದಿಂದಲೂ ಹಾನಿಯಿಲ್ಲ.

ಎರಡನೆಯದಾಗಿ, ಪರದೆ ಬಿಟ್ಟುದನ್ನು ಸಂಗ್ರಹಿಸುವ ಹೊಣೆ ನಮ್ಮದು. ಈ ಮೂರು ತಾಲೂಕುಗಳ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಗೇಣಿಚೀಟುಗಳು, 7ನೆಯ ನಮೂನೆಯ ಅರ್ಜಿಯ ಪ್ರತಿಗಳು, ನ್ಯಾಯಮಂಡಳಿಯ ತೀರ್ಪುಗಳು ಗೆದ್ದಲಿಗೆ ಆಹಾರವಾಗುತ್ತಿವೆ. ಮಂಡಳಿಯ ಮುಂದೆ ನಿಂತು ಸಾಕ್ಷಿ ನುಡಿದವರಲ್ಲಿ ಇನ್ನೂ ಕೆಲವರು ಬದುಕಿದ್ದಾರೆ. ಆಗ ಇಪ್ಪತ್ತೈದು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಒಬ್ಬೊಬ್ಬರು ಒಂದೊಂದು ಮನೆಯ ಕಾಗದಗಳನ್ನು ಪ್ರತಿ ಮಾಡಿಕೊಂಡು, ಒಬ್ಬ ಹಿರಿಯರ ಮಾತನ್ನು ಬರೆದುಕೊಂಡು ಬಂದರೆ ಐದು ವರ್ಷಗಳಲ್ಲಿ ವಿಭಾಗಕ್ಕೆ ಒಂದು ದಾಖಲೆಗಳ ಭಂಡಾರವೇ ಒದಗೀತು. ಮುಂದೊಮ್ಮೆ ಯಾರಾದರೂ 1974ರ ಹಳ್ಳಿಯನ್ನು ಚಿತ್ರಿಸಹೊರಟಾಗ, ಕೇಳಲು ಬರಬೇಕಾದ ಸ್ಥಳವೊಂದು ಆಗ ಇರುತ್ತದೆ.